ಬ್ರೇಕ್ ಕ್ಯಾಲಿಪರ್: ಸೀಲ್ ಕಿಟ್ ಹಾಕುವುದೋ, ಹೊಸದನ್ನೇ ತರುವುದೋ?

ಡಿಸ್ಕ್ ಬ್ರೇಕಿನಲ್ಲಿ ಪಿಸ್ಟನ್ ಬಲದಿಂದ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗವೇ ಕ್ಯಾಲಿಪರ್; ಅದರ ಹಳೆಯ ರಬ್ಬರುಗಳ ಬದಲಿಗೆ ಹಾಕುವ ಹೊಸ ರಬ್ಬರುಗಳ ಸೆಟ್ ಸೀಲ್ ಕಿಟ್. ಮೊದಲೇ ಹೇಳಿಬಿಡುತ್ತೇನೆ. ಮುಂದಿನ ಚಕ್ರದ, ಒಂದೇ ಪಿಸ್ಟನ್ ಇರುವ ಸಾದಾ ಕ್ಯಾಲಿಪರ್ ಆದರೆ ನನ್ನ ವೋಟು ಸೀಲ್ ಕಿಟ್‌ಗೆ. ಹಿಂದಿನ ಚಕ್ರದ, ಹ್ಯಾಂಡ್‌ಬ್ರೇಕ್ ಒಳಗೇ ಸೇರಿಸಿದ ಕ್ಯಾಲಿಪರ್ ಆದರೆ ಬಿಚ್ಚುವ ಗೋಜಿಗೆ ಹೋಗದೆ ಪೂರ್ತಿ ಬದಲಿಸುವುದೇ ಸರಿ. ಈ ಲೆಕ್ಕವನ್ನು ತಲೆಕೆಳಗು ಮಾಡುವ ತಾಕತ್ತು ಇರುವುದು ಒಂದೇ ಒಂದು ಪುಟ್ಟ ವಸ್ತುವಿಗೆ: ಬ್ಲೀಡರ್ ನಿಪ್ಪಲ್, ಅಂದರೆ ಬ್ರೇಕ್ ಆಯಿಲಿನಲ್ಲಿ ಸೇರಿದ ಗಾಳಿಯನ್ನು ಹೊರಬಿಡಲು (ಬ್ಲೀಡ್ ಮಾಡಲು) ಕ್ಯಾಲಿಪರಿನಲ್ಲಿರುವ ಪೊಳ್ಳು ತಿರುಪು. ಅದರ ಗೋಳು ದೊಡ್ಡದು, ಮುಂದೆ ಬರುತ್ತದೆ.

ಅದಕ್ಕೂ ಮೊದಲು, ಕೆಟ್ಟಿರುವುದು ಕ್ಯಾಲಿಪರೇ ಹೌದೋ ಅಂತ ನೋಡಬೇಕು. ಗಾಡಿಯನ್ನು ಜಾಕ್ ಮೇಲೆ ಎತ್ತಿ, ಸ್ಟ್ಯಾಂಡ್ ಕೊಟ್ಟು, ಬ್ರೇಕ್ ಒತ್ತಿ ಬಿಟ್ಟು ಚಕ್ರ ತಿರುಗಿಸಿ. ಬಿಗಿಯಾಗಿದ್ದರೆ ನಿಪ್ಪಲನ್ನು ಕಾಲು ಸುತ್ತು ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಸಲೀಸಾಗಿ ತಿರುಗಿತೋ, ಒತ್ತಡ ಹಿಡಿದಿಟ್ಟಿದ್ದು ಮೇಲಿನ ಹೋಸ್ ಅಥವಾ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಭಾಗ). ಹಳೆಯ ಹೋಸಿನ ಒಳಪದರ ಊದಿಕೊಂಡರೆ ಅದು ಒನ್‌ವೇ ವಾಲ್ವ್ ಥರ ಕೆಲಸ ಮಾಡುತ್ತದೆ: ಆಯಿಲ್ ಹೋಗುತ್ತದೆ, ವಾಪಸ್ ಬರುವುದಿಲ್ಲ. ಅಂಥ ಗಾಡಿಗೆ ಕಿಟ್ ಹಾಕಿದರೂ ಅಷ್ಟೇ, ಹೊಸ ಕ್ಯಾಲಿಪರ್ ಹಾಕಿದರೂ ಅಷ್ಟೇ. ನಿಪ್ಪಲ್ ಸಡಿಲಿಸಿದ ಮೇಲೂ ಚಕ್ರ ಬಿಗಿಯಾಗಿಯೇ ಇದ್ದರೆ ತೊಂದರೆ ಪಿಸ್ಟನ್ನಲ್ಲೋ, ಕ್ಯಾಲಿಪರ್ ಆಚೀಚೆ ಜಾರಲು ಇರುವ ಗೈಡ್ ಪಿನ್ನಲ್ಲೋ ಇದೆ.

ಪ್ಯಾಡ್ ಒಂದು ತುದಿಯಲ್ಲಿ ಹೆಚ್ಚು, ಇನ್ನೊಂದು ತುದಿಯಲ್ಲಿ ಕಡಿಮೆ ಸವೆದು ಓರೆಯಾಗಿದ್ದರೆ ಮೊದಲು ಪಿನ್ ನೋಡಿ. ಪಿನ್ನುಗಳನ್ನು ಹೊರಗೆಳೆದು, ಹಳೆಯ ಗ್ರೀಸನ್ನು ಪೂರ್ತಿ ತೆಗೆದು, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿದರೆ ಎಷ್ಟೋ ಸಲ ಕೆಲಸ ಅಲ್ಲಿಗೇ ಮುಗಿಯುತ್ತದೆ. ಗ್ರೀಸ್ ತುಂಬಿ ತುಳುಕಿಸಬಾರದು. ಪಿನ್ ಕೂರುವ ತೂತಿನ ತಳ ಮುಚ್ಚಿರುತ್ತದೆ, ಒಳಗೆ ಸಿಕ್ಕಿಕೊಂಡ ಗಾಳಿ ಪಿನ್ನನ್ನು ಹೊರಗೆ ತಳ್ಳುತ್ತದೆ. ಮಾಮೂಲಿ ಚಾಸಿಸ್ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಪಿನ್ ಮತ್ತೆ ಹಿಡಿದುಕೊಳ್ಳುತ್ತದೆ. ಎರಡು ಪಿನ್ನಲ್ಲಿ ಒಂದರ ತುದಿಗೆ ಮಾತ್ರ ರಬ್ಬರ್ ತೋಳು ಇದ್ದರೆ ಯಾವುದು ಮೇಲೆ, ಯಾವುದು ಕೆಳಗೆ ಅಂತ ಗುರುತು ಮಾಡಿಟ್ಟುಕೊಳ್ಳಿ.

ಈಗ ಕಿಟ್ಟಿನ ಪರವಾಗಿ. ಕ್ಯಾಲಿಪರಿನಲ್ಲಿ ನಿಜವಾಗಿ ವಯಸ್ಸಾಗುವುದು ಎರಡು ರಬ್ಬರಿಗೆ. ಒಳಗಿನ ಸೀಲ್ ಚೌಕ ಅಂಚಿನ ಉಂಗುರ, ಕ್ಯಾಲಿಪರಿನ ಬೋರ್ (ಪಿಸ್ಟನ್ ಓಡಾಡುವ ತೂತು) ಒಳಗೆ ಕೊರೆದ ತೋಡಿನಲ್ಲಿ ಕೂತಿರುತ್ತದೆ. ಬ್ರೇಕ್ ಒತ್ತಿದಾಗ ಪಿಸ್ಟನ್ ಜೊತೆ ಸ್ವಲ್ಪ ತಿರುಚಿಕೊಳ್ಳುತ್ತದೆ, ಬಿಟ್ಟಾಗ ತನ್ನ ಆಕಾರಕ್ಕೆ ಮರಳುತ್ತಾ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ. ಪಿಸ್ಟನ್ನನ್ನು ಹಿಂದಕ್ಕೆಳೆಯಲು ಬೇರೆ ಸ್ಪ್ರಿಂಗ್ ಇಲ್ಲ. ಸೀಲ್ ಗಟ್ಟಿಯಾದರೆ ಆ ಎಳೆತ ಹೋಗಿ ಪ್ಯಾಡ್ ಡಿಸ್ಕಿಗೆ ಉಜ್ಜಿಕೊಂಡೇ ಇರುತ್ತದೆ. ಹೊರಗಿನ ಡಸ್ಟ್ ಬೂಟ್ (ಧೂಳು, ನೀರು ತಡೆಯುವ ರಬ್ಬರ್ ಹೊದಿಕೆ) ಹರಿದರೆ ನೀರು ನುಗ್ಗಿ ಪಿಸ್ಟನ್ ತುಕ್ಕು ಹಿಡಿಯುತ್ತದೆ. ಎರಕದ ದೇಹಕ್ಕೆ ಏನೂ ಆಗಿರುವುದಿಲ್ಲ. ಎರಡು ಉಂಗುರಕ್ಕಾಗಿ ಆ ಇಡೀ ಲೋಹದ ಮುದ್ದೆಯನ್ನು ಎಸೆಯುವುದು ನನಗೆ ಒಗ್ಗದ ಮಾತು.

ಇಲ್ಲಿ ಹಲವರು ಎಡವುವುದು ಬೋರ್ ನೋಡಿ. ಒಳಗೆ ಒಂದಿಷ್ಟು ತುಕ್ಕಿನ ಕಲೆ ಕಂಡ ತಕ್ಷಣ ಕ್ಯಾಲಿಪರ್ ಸತ್ತಿತು ಅಂತ ತೀರ್ಮಾನಿಸುತ್ತಾರೆ. ಮಾಸ್ಟರ್ ಸಿಲಿಂಡರಿನಲ್ಲಿ ಆ ಮಾತು ಸರಿ, ಅಲ್ಲಿ ರಬ್ಬರ್ ಪಿಸ್ಟನ್ ಜೊತೆ ಓಡಾಡುತ್ತಾ ಬೋರಿಗೆ ಉಜ್ಜುತ್ತದೆ. ಡಿಸ್ಕ್ ಕ್ಯಾಲಿಪರಿನಲ್ಲಿ ಉಲ್ಟಾ: ಸೀಲ್ ಬೋರಿನಲ್ಲಿ ನಿಂತಲ್ಲೇ ನಿಂತಿರುತ್ತದೆ, ಅದಕ್ಕೆ ಉಜ್ಜುವುದು ಪಿಸ್ಟನ್ನಿನ ಮೈ. ಆದ್ದರಿಂದ ನುಣುಪಾಗಿರಬೇಕಾದ್ದು ಪಿಸ್ಟನ್. ಉಗುರನ್ನು ಅದರ ಮೇಲೆ ಎಳೆಯಿರಿ. ಸೀಲ್ ಓಡಾಡುವ ಜಾಗದಲ್ಲಿ ಉಗುರಿಗೆ ಗುಳಿ ತಾಗಿದರೆ ಪಿಸ್ಟನ್ ಹೊಸದು ಹಾಕಿ. ಕ್ರೋಮ್ ಲೇಪದ ಪಿಸ್ಟನ್ನಿಗೆ ಎಮರಿ ಪೇಪರ್ ತಿಕ್ಕಬೇಡಿ, ಲೇಪ ಹೋದ ಜಾಗದಿಂದ ತುಕ್ಕು ಮತ್ತೆ ಶುರುವಾಗುತ್ತದೆ.

ಬೋರಿಗಿಂತ ಹೆಚ್ಚು ಗಮನ ಕೇಳುವುದು ಸೀಲ್ ಕೂರುವ ತೋಡು. ಅಲ್ಲಿ ತುಕ್ಕು, ಅಲ್ಯುಮಿನಿಯಂ ಆದರೆ ಬಿಳಿ ಪುಡಿ, ಕಟ್ಟಿಕೊಂಡು ಸೀಲನ್ನು ಒಳಮುಖವಾಗಿ ಒತ್ತುತ್ತದೆ. ಹಾಗೇ ಬಿಟ್ಟು ಹೊಸ ಸೀಲ್ ಹಾಕಿದರೆ ಪಿಸ್ಟನ್ ಮೊದಲಿಗಿಂತ ಬಿಗಿ. ಹಿತ್ತಾಳೆಯ ಅಥವಾ ಮರದ ಕಡ್ಡಿಯಿಂದ ಸುತ್ತಲೂ ಕೆರೆದು ತೆಗೆಯಬೇಕು, ಸ್ಕ್ರೂಡ್ರೈವರ್ ಮುಟ್ಟಿಸಬಾರದು. ಕೆರೆದ ಮೇಲೆ ತೋಡಿನ ತಳದಲ್ಲೇ ಗುಳಿಗಳು ಕಂಡರೆ ಕಿಟ್ಟಿನ ಆಸೆ ಬಿಡಿ.

ಪಿಸ್ಟನ್ ತೆಗೆಯಲು ಕಂಪ್ರೆಸರ್ ಗಾಳಿಗಿಂತ ಗಾಡಿಯ ಬ್ರೇಕ್ ಪೆಡಲ್ಲೇ ವಾಸಿ. ಹೋಸ್ ಬಿಚ್ಚುವ ಮೊದಲೇ ಕ್ಯಾಲಿಪರನ್ನು ಬ್ರ್ಯಾಕೆಟ್ಟಿನಿಂದ ಇಳಿಸಿ, ಪಿಸ್ಟನ್ ಎದುರಿಗೆ ಮರದ ತುಂಡು ಇಟ್ಟು, ಕೆಳಗೆ ತಟ್ಟೆ ಹಿಡಿದು, ಪೆಡಲನ್ನು ನಿಧಾನವಾಗಿ ಅರ್ಧರ್ಧ ಒತ್ತಿ. ತಳ ಮುಟ್ಟುವವರೆಗೆ ತುಳಿದರೆ ಮಾಸ್ಟರ್ ಸಿಲಿಂಡರಿನ ಸೀಲು ಎಂದೂ ಓಡದ ತುಕ್ಕಿನ ಭಾಗಕ್ಕೆ ಹೋಗಿ ಹರಿಯಬಹುದು. ಬ್ರೇಕ್ ಆಯಿಲಿನ ಟ್ಯಾಂಕ್ ಖಾಲಿಯಾಗದಂತೆ ನೋಡಿಕೊಳ್ಳಿ. ಗಾಳಿಯನ್ನೇ ಬಳಸಬೇಕಾಗಿ ಬಂದರೆ ಕಡಿಮೆ ಒತ್ತಡ, ಮರದ ತುಂಡು ಕಡ್ಡಾಯ, ಬೆರಳು ದೂರ. ಪಿಸ್ಟನ್ ಗುಂಡಿನಂತೆ ಹಾರುತ್ತದೆ. ನಾಲ್ಕು ಪಿಸ್ಟನ್ನಿನ ಕ್ಯಾಲಿಪರಿನಲ್ಲಿ ಒಂದು ಹೊರಬಿತ್ತೆಂದರೆ ಉಳಿದವು ಅಲ್ಲಾಡುವುದಿಲ್ಲ, ಸಲೀಸಾಗಿ ಬರುವುದನ್ನು ಕ್ಲ್ಯಾಂಪ್ ಹಾಕಿ ತಡೆಯಬೇಕು.

ಹೋಸ್ ಬಿಚ್ಚಿದ ಮೇಲೆ ಪೆಡಲನ್ನು ಒಂದೂವರೆ ಇಂಚು ಒತ್ತಿ, ಸೀಟಿಗೆ ಕೋಲು ಆನಿಸಿ ನಿಲ್ಲಿಸಿ. ಮಾಸ್ಟರ್ ಸಿಲಿಂಡರಿನ ಪೋರ್ಟ್ ಮುಚ್ಚಿಕೊಂಡು ತೊಟ್ಟಿಕ್ಕುವುದು ನಿಲ್ಲುತ್ತದೆ. ಬ್ರೇಕ್ ಲೈಟ್ ಉರಿಯುತ್ತಲೇ ಇರುತ್ತದೆ, ಬ್ಯಾಟರಿ ವೈರ್ ತೆಗೆದಿಡಿ.

ಈಗ ನಿಪ್ಪಲ್. ಕಿಟ್ ತರಿಸುವ ಮೊದಲೇ ಅದು ಸಡಿಲಾಗುತ್ತದೆಯೇ ನೋಡಿ, ಕಿಟ್ ಕೈಗೆ ಬಂದ ಮೇಲಲ್ಲ. ಮೇಲಿನ ರಬ್ಬರ್ ಟೊಪ್ಪಿ ಕಳೆದುಹೋದ ನಿಪ್ಪಲಿನ ತೂತಿಗೆ ನೀರು ಇಳಿದು ಥ್ರೆಡ್ ತುಕ್ಕಿನಲ್ಲಿ ಬೆಸೆದುಹೋಗಿರುತ್ತದೆ. ಒಳಗೆ ಪೊಳ್ಳು, ಗೋಡೆ ತೆಳು. ಸ್ಪ್ಯಾನರ್ ಒಂದಿಷ್ಟು ಓರೆಯಾದರೂ ಟಕ್ ಅಂತ ಮುರಿಯುತ್ತದೆ, ಮುಕ್ಕಾಲು ಭಾಗ ಒಳಗೇ ಉಳಿಯುತ್ತದೆ.

ವೈರ್ ಬ್ರಷ್‌ನಿಂದ ಬುಡ ಉಜ್ಜಿ, ತುಕ್ಕು ಸಡಿಲಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ತಲೆಯ ಮೇಲೆ ಸಣ್ಣ ಸುತ್ತಿಗೆಯಿಂದ ಹತ್ತಿಪ್ಪತ್ತು ಹಗುರ ಏಟು. ತೂತಿಗೆ ಸರಿಯಾಗಿ ಕೂರುವ ಡ್ರಿಲ್ ಬಿಟ್ಟಿನ ನುಣುಪು ತುದಿಯನ್ನು ಒಳಗಿಟ್ಟರೆ ತೆಳು ಗೋಡೆ ಒಳಕ್ಕೆ ಕುಸಿಯುವುದಿಲ್ಲ. ಆರು ಮೂಲೆಯ ಸಾಕೆಟ್ ಬಿಟ್ಟು ಬೇರೆ ಯಾವುದೂ ಬೇಡ. ಮೊದಲು ಬಿಗಿಯುವ ದಿಕ್ಕಿಗೆ ಒಂದೆಳೆ ತಿರುಗಿಸಿ, ಆಮೇಲೆ ಬಿಚ್ಚುವ ದಿಕ್ಕಿಗೆ, ಹೀಗೆ ಹಿಂದೆ ಮುಂದೆ. ತಿರುಗಿಸುವಾಗ ಸ್ಪ್ರಿಂಗಿನಂತೆ ಮೆತ್ತಗೆ ಬಳುಕಿದರೆ ನಿಲ್ಲಿಸಿ, ಅದು ಬಿಚ್ಚುತ್ತಿಲ್ಲ, ತಿರುಚಿಕೊಳ್ಳುತ್ತಿದೆ.

ಆಮೇಲಿನ ದಾರಿ ಬೆಂಕಿ. ಪಿಸ್ಟನ್, ರಬ್ಬರ್ ಎಲ್ಲ ತೆಗೆದು, ಆಯಿಲ್ ಒಂದು ಹನಿಯೂ ಇಲ್ಲದಂತೆ ಒರೆಸಿದ ಮೇಲೆ ಮಾತ್ರ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಹಾಕಿದ ಲೋಹಕ್ಕೆ ಜ್ವಾಲೆ ತೋರಿಸಬೇಡಿ, ವಿಷಾನಿಲ ಹುಟ್ಟುತ್ತದೆ. ಕಾಯಿಸಬೇಕಾದ್ದು ನಿಪ್ಪಲಿನ ಸುತ್ತಲಿನ ದೇಹವನ್ನು, ನಿಪ್ಪಲನ್ನಲ್ಲ. ಮುರಿದೇ ಹೋದರೆ ಉಳಿದ ತುಂಡಿನ ಮೇಲೆ ನಟ್ ವೆಲ್ಡ್ ಮಾಡಿ ತೆಗೆಯಬಹುದು. ಡ್ರಿಲ್ ಹಾಕುವವರು ನೆನಪಿಡಬೇಕಾದ್ದು: ನಿಪ್ಪಲ್ ಸೋರದಂತೆ ತಡೆಯುವುದು ಥ್ರೆಡ್ ಅಲ್ಲ, ತುದಿಯ ಶಂಕು ತಳದ ಶಂಕುವಿಗೆ ಕೂರುವುದು. ಡ್ರಿಲ್ ಅರ್ಧ ಮಿಲಿಮೀಟರ್ ಆಳಕ್ಕೆ ಹೋದರೂ ಆ ಕೂರುವ ಜಾಗ ಹಾಳು. ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತುವ ಬುದ್ಧಿವಂತಿಕೆ ನಿಷ್ಪ್ರಯೋಜಕವಾಗುವುದೂ ಇದೇ ಕಾರಣಕ್ಕೆ. ವೆಲ್ಡಿಗೂ ಜಗ್ಗದಿದ್ದರೆ ನನ್ನ ಮಟ್ಟಿಗೆ ಕಿಟ್ ಸೋತಂತೆ. ಹೊಸ ಕ್ಯಾಲಿಪರ್ ತನ್ನಿ.

ಜೋಡಿಸುವುದು ಸುಲಭ, ಬೂಟ್ ಒಂದನ್ನು ಬಿಟ್ಟು. ಹೊಸ ಬ್ರೇಕ್ ಆಯಿಲ್ ಅಥವಾ ಕೆಂಪು ರಬ್ಬರ್ ಗ್ರೀಸ್ ಸವರಿ ಸೀಲನ್ನು ತೋಡಿನಲ್ಲಿ ಕೂರಿಸಿ, ತಿರುಚಿದೆಯೋ ಅಂತ ಬೆರಳಾಡಿಸಿ. ಪೆಟ್ರೋಲ್, ಡೀಸೆಲ್, ಎಂಜಿನ್ ಆಯಿಲ್ ಹತ್ತಿರವೂ ಸುಳಿಯಬಾರದು. ಬೂಟಿನ ಎರಡೂ ತುಟಿ ಅವುಗಳ ತೋಡಿನಲ್ಲಿ ಕೂರಬೇಕು: ಬೂಟನ್ನು ಪಿಸ್ಟನ್ನಿನ ಹಿಂತುದಿಗೆ ತೊಡಿಸಿ, ಹೊರತುಟಿಯನ್ನು ಕ್ಯಾಲಿಪರಿನ ತೋಡಿಗೆ ಸುತ್ತಲೂ ಒತ್ತಿ, ಆಮೇಲೆ ಪಿಸ್ಟನ್ನನ್ನು ಎರಡು ಹೆಬ್ಬೆರಳಿನಿಂದ ನೇರವಾಗಿ ತಳ್ಳಿ. ಹೆಬ್ಬೆರಳಿನ ಬಲಕ್ಕೆ ಹೋಗದಿದ್ದರೆ ಓರೆಯಾಗಿದೆ, ಸುತ್ತಿಗೆ ಎತ್ತಬೇಡಿ, ಹೊರತೆಗೆದು ಮತ್ತೆ ಹಾಕಿ. ಲೋಹದ ಬಳೆ ಇರುವ ಬೂಟಿನ ಕ್ರಮ ಬೇರೆ, ಅದನ್ನು ಸರಿಯಳತೆಯ ಬಳೆಯಿಟ್ಟು ಸಮನಾಗಿ ತಟ್ಟಿ ಕೂರಿಸಬೇಕು.

ಹೊಸ ಕ್ಯಾಲಿಪರ್, ಅಥವಾ ಕಾರ್ಖಾನೆಯಲ್ಲಿ ರಿಪೇರಿಯಾಗಿ ಬಣ್ಣ ಬಳಿದುಕೊಂಡು ಬರುವುದು, ಬೇಗ ಆಗುತ್ತದೆ. ಅದರ ತಾಪತ್ರಯ ಬೇರೆ ಥರ. ಒಂದೇ ಮಾಡೆಲ್ಲಿಗೆ ಎರಡು ಅಳತೆಯ ಪಿಸ್ಟನ್ ಇರುವುದುಂಟು, ಹಳೆಯದನ್ನು ಅಳೆಯದೆ ತರಿಸಿದರೆ ಬ್ರೇಕ್ ಒಂದು ಬದಿಗೆ ಎಳೆಯುತ್ತದೆ. ಎಡ ಬಲ ಅದಲುಬದಲಾದರೂ ಎಷ್ಟೋ ಕ್ಯಾಲಿಪರ್ ಸಲೀಸಾಗಿ ಕೂರುತ್ತದೆ, ಆದರೆ ನಿಪ್ಪಲ್ ಕೆಳಗೆ ಹೋಗಿರುತ್ತದೆ. ಆಗ ಎಷ್ಟು ಬ್ಲೀಡ್ ಮಾಡಿದರೂ ಮೇಲಿನ ಗಾಳಿ ಬರುವುದಿಲ್ಲ, ಪೆಡಲ್ ಸ್ಪಂಜಿನಂತೆ. ನಿಪ್ಪಲ್ ಯಾವತ್ತೂ ಮೇಲಿರಬೇಕು. ಬ್ಯಾಂಜೊ ಬೋಲ್ಟ್ (ಹೋಸನ್ನು ಕ್ಯಾಲಿಪರಿಗೆ ಬಿಗಿಯುವ ಪೊಳ್ಳು ಬೋಲ್ಟ್) ಕೂರುವ ಮುಖದ ಮೇಲೆ ಬಣ್ಣವಿದ್ದರೆ ಕೆರೆದು ತೆಗೆಯಿರಿ. ತಾಮ್ರದ ವಾಷರ್ ಎರಡೂ ಹೊಸದು, ಕಿಟ್ ಹಾಕಿದಾಗಲೂ ಇದೇ.

ಹಿಂದಿನ ಕ್ಯಾಲಿಪರಿಗೆ ಯಾಕೆ ಕಿಟ್ ಬೇಡವೆಂದರೆ, ಹ್ಯಾಂಡ್‌ಬ್ರೇಕಿನ ಸ್ಕ್ರೂ, ಅಡ್ಜಸ್ಟರ್, ಬಿಗಿ ಸ್ಪ್ರಿಂಗ್, ಸರ್ಕ್ಲಿಪ್ ಎಲ್ಲವೂ ಪಿಸ್ಟನ್ ಹಿಂದೆ ಅಡಗಿವೆ. ಲಿವರಿನ ಶಾಫ್ಟ್ ಸವೆದಿದ್ದರೆ ಸಾಮಾನ್ಯ ಕಿಟ್ ಅದನ್ನು ಮುಟ್ಟುವುದೇ ಇಲ್ಲ.

ಬಜೆಟ್ಟಿನ ಮಾತು: ಕಿಟ್ ಎರಡೂ ಬದಿಗೆ ಸೇರಿ ಒಂದು ಹೊಸ ಕ್ಯಾಲಿಪರಿನ ಸಣ್ಣ ಪಾಲು, ಎರಡು ಪಿಸ್ಟನ್ ಸೇರಿಸಿದರೂ ಕಡಿಮೆಯೇ. ಬದಲಿಗೆ ಕೇಳುವುದು ಒಂದು ವೈಸ್ ಮತ್ತು ಅರ್ಧ ದಿನ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸುವ ಅಭ್ಯಾಸ ಇರುವವರ ಕ್ಯಾಲಿಪರ್ ಒಳಗೆ ಶುದ್ಧವಾಗಿರುತ್ತದೆ, ಕಿಟ್ ಹಾಕಿದರೆ ಹಣ ದಕ್ಕುತ್ತದೆ. ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲಿನ ಕನಿಷ್ಠ ಕುದಿಬಿಂದು ಹೊಸದರಲ್ಲಿ 230 ಡಿಗ್ರಿ ಸೆಲ್ಸಿಯಸ್, ತೇವ ಹೀರಿದಾಗ 155. ಹತ್ತು ವರ್ಷ ಆಯಿಲ್ ಮುಟ್ಟದ, ನಾಳೆ ಬೆಳಿಗ್ಗೆಯೇ ಗಾಡಿ ಬೇಕಿರುವ ಮನೆಗೆ ಹೊಸ ಕ್ಯಾಲಿಪರೇ ಸರಿ.

ಯಾವುದನ್ನೇ ಹಾಕಿ, ಬ್ಲೀಡ್ ಮಾಡಿದ ಮೇಲೆ ಗಾಡಿ ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ, ಅಲ್ಲಿಯವರೆಗೆ ಪ್ಯಾಡ್ ಡಿಸ್ಕಿಗೆ ತಾಗಿರುವುದಿಲ್ಲ. ಸ್ವಲ್ಪ ಓಡಿಸಿ ಬಂದು ಎಡ ಬಲ ಚಕ್ರದ ಹತ್ತಿರ ಕೈ ಹಿಡಿಯಿರಿ, ಎರಡರ ಬಿಸಿಯೂ ಹೆಚ್ಚುಕಡಿಮೆ ಒಂದೇ ಇರಬೇಕು. ಮಾರನೆ ದಿನ ಬ್ಯಾಂಜೊ ಬೋಲ್ಟ್, ನಿಪ್ಪಲ್, ಬೂಟಿನ ಸುತ್ತ ಒಣ ಬಟ್ಟೆಯಿಂದ ಒರೆಸಿ, ಬಟ್ಟೆ ಒದ್ದೆಯಾಯಿತೋ ನೋಡಿ.