ಚಾರ್ಮಾಡಿ ಮಂಜಿಗೆ ಹಾಕಿಸಿದ ಫಾಗ್ ಲೈಟ್: ದೀಪ ಚೆನ್ನಾಗಿದೆ, ವೈರಿಂಗ್ ಬದಲಿಸಿಕೊಳ್ಳಿ

2022ರ ಮಳೆಗಾಲಕ್ಕೆ ಮುಂಚೆ ನನ್ನ 350 ಸಿಸಿ ಬೈಕಿಗೆ ಒಂದು ಜೊತೆ ಎಲ್‌ಇಡಿ ಫಾಗ್ ಲೈಟ್ ಹಾಕಿಸಿದೆ. ಬಿಳಿ, ಹಳದಿ ಎರಡೂ ಬೆಳಕು ಬರುವ ಮಾದರಿ. ಈಗಲೂ ಅವೇ ಇವೆ. ಮೂಡಿಗೆರೆ ಕಡೆಯಿಂದ ಉಜಿರೆಗೆ ಆಗಾಗ ಹೋಗಿಬರುವ ಕೆಲಸ ನನ್ನದು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯೋಕೆ ಶುರು ಮಾಡಿದರೆ ಜುಲೈ, ಆಗಸ್ಟ್‌ನಲ್ಲಿ ಹಗಲು ಹೊತ್ತೇ ಮುಂದಿನ ತಿರುವು ಕಾಣುವುದಿಲ್ಲ. ಇನ್ನು ರಾತ್ರಿ ಕೇಳಬೇಕಾ?

ಮೊದಲು ಬೆಳಕಿನ ಮಾತು. ಡಬ್ಬದ ಮೇಲೆ 60 ವ್ಯಾಟ್ ಅಂತ ಬರೆದಿತ್ತು. ಮಲ್ಟಿಮೀಟರ್ (ವೋಲ್ಟ್, ಆಂಪಿಯರ್ ಅಳೆಯುವ ಮೀಟರ್) ಇಟ್ಟು ನೋಡಿದಾಗ ಒಂದೊಂದು ದೀಪ ಎಳೆಯುತ್ತಿದ್ದುದು ಸುಮಾರು 1.6 ಆಂಪಿಯರ್. 14 ವೋಲ್ಟ್‌ಗೆ ಲೆಕ್ಕ ಹಾಕಿದರೆ 22 ವ್ಯಾಟ್ ಆಯಿತು. ಇದು ನನಗೆ ಬೇಜಾರಿನ ವಿಷಯವೇನೂ ಅಲ್ಲ, ಘಾಟಿಗೆ ಅಷ್ಟು ಧಾರಾಳ ಸಾಕು. ಆದರೆ ಡಬ್ಬದ ಮೇಲಿನ ಅಂಕಿ ನೋಡಿ ಯಾರೂ ದುಡ್ಡು ಕೊಡಬೇಡಿ. ಮಂಜಿನಲ್ಲಿ ಬಿಳಿ ಬೆಳಕು ಹಾಕಿದರೆ ಅದು ತಿರುಗಿ ನಮ್ಮ ಕಣ್ಣಿಗೇ ಹೊಡೆಯುತ್ತದೆ. ಹಳದಿಯಲ್ಲಿ ಆ ಕಾಟ ನನಗೆ ಕಡಿಮೆ. ಅದಕ್ಕಿಂತ ಮುಖ್ಯ ದೀಪ ಎಲ್ಲಿ ಕೂತಿದೆ ಅನ್ನೋದು. ಕ್ರ್ಯಾಶ್ ಗಾರ್ಡ್‌ನ ಕೆಳಭಾಗಕ್ಕೆ ಇಳಿಸಿ, ಸ್ವಲ್ಪ ನೆಲದ ಕಡೆ ಬಾಗಿಸಿದ ಮೇಲೆ ರಸ್ತೆ ಅಂಚಿನ ಬಿಳಿ ಗೆರೆ, ತಡೆಗೋಡೆಯ ಬುಡ ಎರಡೂ ಸರಿಯಾಗಿ ಸಿಗತೊಡಗಿದವು. ಬೆಳಕಿಗೆ ಪೂರ್ತಿ ಅಂಕ ಕೊಡುತ್ತೇನೆ.

ತಲೆನೋವು ಶುರುವಾಗಿದ್ದು ವೈರಿಂಗಿನಿಂದ. ಕಿಟ್ ಜೊತೆ ಒಂದು ರೆಡಿ ವೈರಿಂಗ್, ಸ್ವಿಚ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್), ಬಣ್ಣ ಬದಲಿಸುವ ಒಂದು ಸಣ್ಣ ಕಪ್ಪು ಮಾಡ್ಯೂಲ್ ಬಂದಿತ್ತು. ಅಂಗಡಿಯಲ್ಲಿ ಅದನ್ನೇ ಹಾಗೇ ಜೋಡಿಸಿ ಕೊಟ್ಟರು. ಕೆಲವು ತಿಂಗಳಿಗೆ ಬೆಳಿಗ್ಗೆ ಸೆಲ್ಫ್ ತಗೊಳ್ಳೋದು ನಿಂತಿತು. ಬಟನ್ ಒತ್ತಿದರೆ ಟಕ್ ಟಕ್ ಸದ್ದು ಅಷ್ಟೇ. ಒಬ್ಬರು ಬ್ಯಾಟರಿ ಹೋಗಿದೆ ಅಂದರು, ಇನ್ನೊಬ್ಬರು ಚಾರ್ಜಿಂಗ್ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಬದಲಿಸಿ ಅಂದರು. ಎರಡಕ್ಕೂ ಸಾವಿರಗಟ್ಟಲೆ ಖರ್ಚು.

ಇಲ್ಲಿ ಮಲ್ಟಿಮೀಟರ್ ಒಂದಿದ್ದರೆ ಅರ್ಧ ಜಗಳ ಮುಗಿದ ಹಾಗೆ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿ ಕೆಲವು ಗಂಟೆ ಸುಮ್ನೆ ಕೂತಿದ್ದರೆ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಇಂಜಿನ್ ಓಡುವಾಗ, ಸ್ವಲ್ಪ ರೇಸ್ ಕೊಟ್ಟರೆ, 13.8ರಿಂದ 14.5ರ ನಡುವೆ ಇರಬೇಕು. ನನ್ನದು 14.1 ತೋರಿಸಿತು. ಅಂದರೆ ರೆಗ್ಯುಲೇಟರ್, ಚಾರ್ಜಿಂಗ್ ಎಲ್ಲ ಸರಿ ಇದೆ. ತುಂಬಿಸಿದ ಕರೆಂಟ್ ರಾತ್ರಿ ಎಲ್ಲೋ ಸೋರಿ ಹೋಗುತ್ತಿದೆ.

ಅದನ್ನು ಹಿಡಿಯೋದು ಹೀಗೆ. ಕೀ ಆಫ್ ಮಾಡಿ, ಬ್ಯಾಟರಿಯ ಮೈನಸ್ ಕೇಬಲ್ ಬಿಚ್ಚಿ, ಕೇಬಲ್‌ಗೂ ಬ್ಯಾಟರಿಗೂ ನಡುವೆ ಮೀಟರ್ ಹಾಕಬೇಕು. ಮೊದಲು ಮೀಟರಿನ 10 ಆಂಪಿಯರ್ ಸಾಕೆಟ್‌ನಲ್ಲೇ ಇಟ್ಟು ನೋಡಿ. ಮೀಟರ್ ಹಾಕಿರುವಾಗ ಸೆಲ್ಫ್ ಮುಟ್ಟಲೇಬೇಡಿ, ಮೀಟರಿನ ಫ್ಯೂಸ್ ಹಾರಿಹೋಗುತ್ತದೆ. ಬೈಕಿಗೆ ತನ್ನ ಗಡಿಯಾರ, ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಅಂತ ಕೆಲವೇ ಮಿಲಿಆಂಪಿಯರ್ ಬೇಕಾಗುತ್ತದೆ. ನನ್ನದರಲ್ಲಿ 60ರ ಹತ್ತಿರ ನಿಂತಿತು. ಫಾಗ್ ಲೈಟಿನ ಫ್ಯೂಸ್ ಕಿತ್ತ ಕೂಡಲೇ ಸರ್ರನೆ ಇಳಿಯಿತು. ದೀಪ ಆಫ್ ಇದ್ದರೂ ಆ ಕಪ್ಪು ಮಾಡ್ಯೂಲ್ ನೇರ ಬ್ಯಾಟರಿಯಿಂದ ದಿನದ 24 ಗಂಟೆ ಕರೆಂಟ್ ಕುಡಿಯುತ್ತಿತ್ತು. 60 ಮಿಲಿಆಂಪಿಯರ್ ಅಂದರೆ ಕೇಳೋಕೆ ಚಿಕ್ಕದು, ಅಲ್ವಾ? ದಿನಕ್ಕೆ 1.44 ಆಂಪಿಯರ್-ಅವರ್ ಆಯಿತು. ನನ್ನದು 8 ಆಂಪಿಯರ್-ಅವರ್ ಬ್ಯಾಟರಿ. ನಾಲ್ಕು ದಿನ ಬೈಕ್ ನಿಂತರೆ ಮುಕ್ಕಾಲು ಪಾಲು ಖಾಲಿ.

ಎರಡನೆಯದು ಇನ್ನೂ ಅಪಾಯದ್ದು. ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದರೆ ಒಮ್ಮೊಮ್ಮೆ ಫ್ಯೂಸ್ ಹೋಗುತ್ತಿತ್ತು. ಘಾಟಿಯ ಹೇರ್‌ಪಿನ್ ತಿರುವಿನಲ್ಲಿ ದೀಪ ಆರಿದರೆ ಏನಾಗಬಹುದು ಅಂತ ಬಿಡಿಸಿ ಹೇಳಬೇಕಿಲ್ಲ. ಕೆಲವರು ಇಂಥ ಹೊತ್ತಲ್ಲಿ 10ರ ಬದಲು 20 ಆಂಪಿಯರ್ ಫ್ಯೂಸ್ ಹಾಕಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಫ್ಯೂಸ್ ಉಳಿಯುತ್ತದೆ, ವೈರ್ ಸುಡುತ್ತದೆ, ಅದೂ ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲೇ.

ನಮ್ಮೂರಿನ ಹಳೇ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ತೋರಿಸಿಕೊಟ್ಟ ಉಪಾಯ ಇದು. ಎರಡೂ ದೀಪದ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಕಿತ್ತಿಟ್ಟರು. ಫ್ಯೂಸ್ ಜಾಗಕ್ಕೆ ಇಂಡಿಕೇಟರ್‌ನ 21 ವ್ಯಾಟ್ ಬಲ್ಬ್ ಸಿಕ್ಕಿಸಿ ಸ್ವಿಚ್ ಆನ್ ಮಾಡಿದರು. "ಈಗ ಮೆಲ್ಲಗೆ ಹ್ಯಾಂಡಲ್ ತಿರುಗಿಸಿ ಸಾರ್, ಬಲ್ಬ್ ನೋಡ್ತಾ ಇರಿ" ಅಂದರು. ಎಡಕ್ಕೆ ಹೋಗುತ್ತಿದ್ದ ಹಾಗೆ ಬಲ್ಬ್ ಪೂರ್ತಿ ಉರಿಯಿತು. ದೀಪ ಕಿತ್ತಿದ್ದರಿಂದ ಅದು ಹೀಗೆ ಉರಿಯಬಾರದು. ಅಂದರೆ ಅಲ್ಲೇ ಶಾರ್ಟ್, ಪ್ಲಸ್ ವೈರ್ ಫ್ರೇಮಿಗೆ ತಾಗುತ್ತಿದೆ. ಟ್ಯಾಂಕ್ ಎತ್ತಿ ನೋಡಿದರೆ ಹ್ಯಾಂಡಲಿನ ಕತ್ತಿನ ಹತ್ತಿರ ಕೇಬಲ್ ಟೈ ಬಿಗಿಯಾಗಿ ಕಟ್ಟಿದ್ದರು. ಅದರ ಅಂಚಿನಲ್ಲಿ ಕೆಂಪು ವೈರಿನ ಸಿಪ್ಪೆ ಉಗುರಿನಷ್ಟು ಉದ್ದ ಸವೆದು, ಒಳಗಿನ ತಾಮ್ರ ಹಸಿರುಗಟ್ಟಿತ್ತು. ಫ್ರೇಮಿನ ಕಪ್ಪು ಬಣ್ಣದ ಮೇಲೆ ಅದು ತಾಗಿದ ಕಡೆ ಒಂದು ಹೊಳೆಯುವ ಗೀರು. ಈ ಬಲ್ಬ್ ಪರೀಕ್ಷೆಯಲ್ಲಿ ಫ್ಯೂಸ್ ಸುಟ್ಟು ಹಾಳಾಗೋದೂ ಇಲ್ಲ, ವೈರ್ ಬಿಸಿಯಾಗೋದೂ ಇಲ್ಲ.

ಬಲಗಡೆ ದೀಪ ಐಡ್ಲಿಂಗ್‌ನಲ್ಲಿ ಮಿಣುಕುತ್ತಿತ್ತು. ಅದು ಅರ್ಥಿಂಗ್ ದೋಷ, ಅಂದರೆ ಕರೆಂಟ್ ಬ್ಯಾಟರಿಗೆ ಮರಳುವ ಮೈನಸ್ ದಾರಿ ಸರಿಯಿಲ್ಲ. ಮೈನಸ್ ವೈರನ್ನು ಪೇಂಟ್ ಆದ ಗಾರ್ಡ್‌ನ ಬೋಲ್ಟಿಗೆ ಕಟ್ಟಿದ್ದರು. ದೀಪ ಉರಿಯುವಾಗ ಅದರ ಮೈನಸ್‌ಗೂ ಬ್ಯಾಟರಿ ಮೈನಸ್‌ಗೂ ನಡುವೆ ಮೀಟರ್ ಇಟ್ಟರೆ 1.4 ವೋಲ್ಟ್. ಅಲ್ಲಿ ಸೊನ್ನೆಯ ಹತ್ತಿರ ಇರಬೇಕು. ಬ್ಯಾಟರಿಗೇ ನೇರ ಮೈನಸ್ ಎಳೆದ ಮೇಲೆ ಮಿಣುಕು ನಿಂತಿತು.

ಕೊನೆಗೆ ಕಿಟ್‌ನ ವೈರಿಂಗ್ ಪೂರ್ತಿ ಕಿತ್ತು ಹೊಸದು ಮಾಡಿಸಿದೆ. ರಿಲೇಯ ಪಿನ್ನುಗಳಿಗೆ ನಂಬರ್ ಇರುತ್ತದೆ: 30ಕ್ಕೆ ಬ್ಯಾಟರಿ ಪ್ಲಸ್, ನಡುವೆ 10 ಆಂಪಿಯರ್ ಫ್ಯೂಸ್. ಈ ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ. 87ರಿಂದ ಮಾಡ್ಯೂಲ್ ಮೂಲಕ ದೀಪಕ್ಕೆ, 85 ಅರ್ಥ್‌ಗೆ, 86ಕ್ಕೆ ಪಾರ್ಕಿಂಗ್ ಲೈಟಿನ ವೈರಿನಿಂದ ಸ್ವಿಚ್ ಮೂಲಕ ಕರೆಂಟ್. ಕೀ ಆಫ್ ಆದರೆ ಎಲ್ಲಾ ಆಫ್. ಸುತ್ತಿ ಟೇಪ್ ಹಾಕಿದ ಜಾಯಿಂಟ್ ಒಂದೂ ಇಲ್ಲ. ಎಲ್ಲ ಕಡೆ ಕ್ರಿಂಪ್ ಮಾಡಿ (ಲೋಹದ ತುದಿಯನ್ನು ವೈರಿಗೆ ಒತ್ತಿ ಬಿಗಿದು), ಬಿಸಿ ಮಾಡಿದರೆ ಬಿಗಿಯುವ ಸ್ಲೀವ್ ಹಾಕಿದ್ದಾರೆ. ನಮ್ಮ ಮಳೆಗೆ ಟೇಪಿನ ಅಂಟು ನಿಲ್ಲುವುದಿಲ್ಲ. ಹ್ಯಾಂಡಲ್ ಹತ್ತಿರ ವೈರ್ ಸಡಿಲ ಬಿಡಿಸಿದ್ದೇನೆ. ಬ್ಯಾಟರಿ, ರೆಗ್ಯುಲೇಟರ್ ಈಗಲೂ ಹಳೆಯವೇ. ಒಂದೇ ಕಿರಿಕಿರಿ: ಪ್ರತಿ ಸಲ ಕೀ ಹಾಕಿದಾಗ ಮಾಡ್ಯೂಲ್ ಬಿಳಿಯಿಂದಲೇ ಶುರುವಾಗುತ್ತದೆ, ಹಳದಿಗೆ ಬಟನ್ ಒತ್ತಬೇಕು.

ಊರೊಳಗೆ ಇವನ್ನು ನಾನು ಹಾಕುವುದಿಲ್ಲ. 2024ರ ಜುಲೈನಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ಕೇಸ್ ಹಾಕೋಕೆ ಶುರು ಮಾಡಿದ್ದು ಸರಿಯಾದ ಕೆಲಸ. ಎದುರು ಬರುವವನಿಗೂ ರಸ್ತೆ ಕಾಣಬೇಕು.

ಕಳೆದ ಮಳೆಯಿಂದ ಬಲಗಡೆ ದೀಪದ ಗಾಜಿನೊಳಗೆ ಸ್ವಲ್ಪ ಹಬೆ ಕೂರುತ್ತಿದೆ. ರಬ್ಬರ್ ಗ್ಯಾಸ್ಕೆಟ್ ಮಾತ್ರ ಕೇಳಿದರೆ ಬಿಡಿಯಾಗಿ ಸಿಗುವುದಿಲ್ಲ, ದೀಪದ ಜೊತೆಯನ್ನೇ ಹೊಸದಾಗಿ ಕೊಳ್ಳಬೇಕಂತೆ. ಇಷ್ಟು ಒಳ್ಳೆ ಬೆಳಕು ಕೊಡುವ ದೀಪಕ್ಕೆ ಒಂದು ಗ್ಯಾಸ್ಕೆಟ್ ಮಾರದೇ ಇರುವುದು ತಪ್ಪು. ಅದಕ್ಕೇ ಐದರಲ್ಲಿ ನಾಲ್ಕು ಸ್ಟಾರ್ ದೀಪಕ್ಕೆ, ಒಂದು ಸ್ಟಾರ್ ಕಿಟ್‌ನ ವೈರಿಂಗಿಗೆ.