ಬಲ್ಬ್ ಉರಿದರೆ ಅರ್ಥಿಂಗ್ ಸರಿಯಿದೆ ಅಂತ ನಂಬಬೇಡಿ

"ನೀವು ಚಪ್ಪಲಿ ಹಾಕ್ಕೊಂಡು ಮುಟ್ಟಬೇಕಿತ್ತು ಸಾರ್."

ಹನ್ನೆರಡು ಸಾವಿರ ತಗೊಂಡು ಅರ್ಥಿಂಗ್ ಮಾಡಿದ ಎಲೆಕ್ಟ್ರಿಷಿಯನ್ ಫೋನಿನಲ್ಲಿ ಹೇಳಿದ ಮಾತು ಇದು. ಚಪ್ಪಲಿ ಅಂತೆ! ಎರಡು ದಿನ ಆಯ್ತು, ನನ್ನ ಕೋಪ ಇನ್ನೂ ಇಳಿದಿಲ್ಲ.

ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಹಳೆಯ ಟೆಂಪೋ ಟ್ರಾವೆಲರ್ ಒಂದನ್ನು ಕ್ಯಾಂಪರ್ ವ್ಯಾನ್ (ಒಳಗೇ ಉಳಿದುಕೊಂಡು ಊರೂರು ಸುತ್ತುವ ಗಾಡಿ) ಮಾಡಿಸಿದ್ದೇನೆ. ಮನೆಯಲ್ಲಿ ನಿಂತಾಗ ಅದರ ಫ್ರಿಜ್, ಬ್ಯಾಟರಿ ಚಾರ್ಜರ್ ನಡೆಯಲಿ ಅಂತ ಅಂಗಳದಲ್ಲಿ 16 ಆಂಪ್ ಪಾಯಿಂಟ್, ಅದಕ್ಕೆ ಬೇರೆ ಅರ್ಥಿಂಗ್, ಜೊತೆಗೆ 30 ಮಿಲಿ ಆಂಪ್ ಆರ್‌ಸಿಸಿಬಿ ಹಾಕಲು ಹೇಳಿದ್ದೆ. ಅಷ್ಟು ಕರೆಂಟ್ ನೆಲಕ್ಕೆ ಸೋರಿದರೂ ತಾನೇ ಆಫ್ ಆಗುವ ಸ್ವಿಚ್ಚು ಅದು. ಗಾಡಿ ರಬ್ಬರ್ ಟೈರ್ ಮೇಲೆ ನಿಂತಿರುತ್ತೆ, ಬಾಡಿ ಪೂರ್ತಿ ತಗಡು. ಅರ್ಥಿಂಗ್ ಇಲ್ಲದೆ ಅದಕ್ಕೆ ಕರೆಂಟ್ ಬಂದರೆ ನೆಲಕ್ಕಿಳಿಯೋಕೆ ಮುಟ್ಟಿದವರ ಮೈಯೇ ದಾರಿ. ಇಷ್ಟೆಲ್ಲ ತಿಳಿದುಕೊಂಡಿದ್ದೆ ನಾನು. ಆದರೂ ಬೇಸ್ತು ಬಿದ್ದೆ.

ಗುಂಡಿ ತೆಗೆದ ದಿನ ನಾನು ಶಿವಮೊಗ್ಗಕ್ಕೆ ಹೋಗಿದ್ದೆ. ಬರುವಷ್ಟರಲ್ಲಿ ಮುಚ್ಚಿ ಸಿಮೆಂಟ್ ಬಳಿದಿದ್ದ. ಎಂಟಡಿ ಜಿಐ ಪೈಪ್, ಉಪ್ಪು, ಇದ್ದಿಲು ಎಲ್ಲ ಬಿಲ್ಲಿನಲ್ಲಿತ್ತು. "ಅನುಮಾನ ಇದ್ರೆ ನೋಡ್ಕಳಿ ಸಾರ್" ಅಂತ 100 ವ್ಯಾಟ್ ಬಲ್ಬಿನ ಒಂದು ವಯರ್ ಫೇಸ್‌ಗೆ, ಇನ್ನೊಂದನ್ನು ಅರ್ಥ್ ಪಿನ್ನಿಗೆ ಇಟ್ಟ. ಬಲ್ಬ್ ಝಗ್ಗನೆ ಉರಿಯಿತು. ನಾನು ಕಾಫಿ ಕೊಟ್ಟು, ದುಡ್ಡು ಎಣಿಸಿ, ಮೇಲೆ ಒಂದು ಬಾಳೆಗೊನೆನೂ ಕೊಟ್ಟು ಕಳಿಸಿದೆ. ಆ ಬಾಳೆಗೊನೆ ನೆನಪಾದರೆ ಈಗ್ಲೂ ಮೈ ಉರಿಯುತ್ತೆ.

ಮೊನ್ನೆ ಮಳೆ ನಿಂತ ಮೇಲೆ ನೋಡಿದರೆ ವ್ಯಾನಿನೊಳಗೆ ಲೈಟಿಲ್ಲ, ಫ್ರಿಜ್ಜೂ ಬಂದ್. ಕರೆಂಟ್ ಹೋಗಿದೆ ಅಂದುಕೊಂಡೆವು. ಹೆಂಡತಿ ಬರಿಗಾಲಲ್ಲಿ ಹೋಗಿ ಬಾಗಿಲು ಮುಟ್ಟಿದ್ದೇ ಕಿರುಚಿ ಕೈ ಎಳೆದುಕೊಂಡಳು. "ಕರೆಂಟೇ ಇಲ್ಲ, ಶಾಕ್ ಎಲ್ಲಿಂದ ಬರುತ್ತೆ?" ಅಂತ ನಾನು ನಕ್ಕೆ. ಆಮೇಲೆ ನಾನೇ ಮುಟ್ಟಿದೆ. ಭುಜದವರೆಗೆ ಹೊಡೆಯಿತು. ಪುಣ್ಯ, ಕೈ ಅಂಟಿಕೊಳ್ಳಲಿಲ್ಲ.

ಮೇನ್ ಆಫ್ ಮಾಡಿ ಬೇರೆಯವರನ್ನು ಕರೆಸಿದೆ. ಅವರು ಸಾಕೆಟ್ ಬಿಚ್ಚಿ ಸುಮ್ನೆ ನನ್ನ ಮುಖ ನೋಡಿದರು. ಅರ್ಥ್ ಪಿನ್ನಿನಿಂದ ನ್ಯೂಟ್ರಲ್‌ಗೆ ಒಂದು ತುಂಡು ವಯರ್ ಲೂಪ್ ಹೊಡೆದಿತ್ತು. ನ್ಯೂಟ್ರಲ್ ಅಂದರೆ ಕರೆಂಟ್ ವಾಪಸ್ ಹೋಗುವ ವಯರ್. ಬಲ್ಬ್ ಉರಿದಿದ್ದು ನ್ಯೂಟ್ರಲ್‌ನಿಂದ! ಮಳೆಗೆ ಅಂಗಳದ ಕಡೆ ನ್ಯೂಟ್ರಲ್ ಜಾಯಿಂಟ್ ಬಿಟ್ಟುಕೊಂಡಾಗ, ಫೇಸ್ ಫ್ರಿಜ್ಜಿನ ಮೂಲಕ ಬಂದು ಆ ಲೂಪಿನಿಂದ ಗಾಡಿಯ ಬಾಡಿಗೆ ಹತ್ತಿದೆ. ಆರ್‌ಸಿಸಿಬಿ ಅಂತ ಬಿಲ್ ಹಾಕಿದ್ದು ಬರೀ ಎಂಸಿಬಿ (ಲೋಡ್ ಜಾಸ್ತಿಯಾದರೆ ಅಥವಾ ಶಾರ್ಟ್ ಆದರೆ ಮಾತ್ರ ಆಫ್ ಆಗುವ ಸ್ವಿಚ್ಚು), ಟೆಸ್ಟ್ ಬಟನ್ನೇ ಇಲ್ಲ. ಗುಂಡಿ ಅಗೆದರೆ ಎರಡೂವರೆ ಅಡಿ ಪೈಪ್. ಇದ್ದಿಲು ಒಂದು ಹಿಡಿಯೂ ಇಲ್ಲ.

ಇನ್ನೂ ನಾಚಿಕೆ ಅಂದರೆ, ನಿಜವಾಗಿ 30 ಮಿಲಿ ಆಂಪ್ ಆರ್‌ಸಿಸಿಬಿ ಇದ್ದು ಅರ್ಥಿಂಗೂ ಸರಿಯಿದ್ದಿದ್ದರೆ ಆ ಬಲ್ಬ್ ಉರಿಯಲೇಬಾರದಿತ್ತಂತೆ. 100 ವ್ಯಾಟ್ ಬಲ್ಬ್ 400 ಮಿಲಿ ಆಂಪ್‌ಗಿಂತ ಜಾಸ್ತಿ ಎಳೆಯುತ್ತೆ, ಇಟ್ಟ ಕೂಡಲೇ ಟ್ರಿಪ್ ಆಗಬೇಕಿತ್ತು. ಅಂದರೆ ಮೋಸ ನನ್ನ ಕಣ್ಣೆದುರೇ ಉರಿಯುತ್ತಿತ್ತು, ನಾನು ಕಾಫಿ ಕೊಡುತ್ತಿದ್ದೆ.

ಅವನಿಗೆ ಫೋನ್ ಮಾಡಿದೆ. "ಮಲೆನಾಡಲ್ಲಿ ನೆಲ ಯಾವಾಗ್ಲೂ ತೇವ ಸಾರ್, ಎಂಟಡಿ ಯಾಕೆ?" ಮಾರ್ಚ್, ಏಪ್ರಿಲ್‌ನಲ್ಲಿ ನಮ್ಮ ಜಂಬಿಟ್ಟಿಗೆ ನೆಲಕ್ಕೆ ಹಾರೆಯೇ ಇಳಿಯಲ್ಲ, ಇವನಿಗೆ ಗೊತ್ತಿಲ್ವಾ? ಲೂಪ್ ಯಾಕೆ ಹೊಡೆದೆ ಅಂದರೆ, "ಎಲ್ಲರ ಮನೇಲೂ ಹಿಂಗೇ ಮಾಡಿದೀನಿ, ಯಾರೂ ಕೇಳಿಲ್ಲ." ಕೊನೆಗೆ ಆ ಚಪ್ಪಲಿ ಮಾತು.

ಎಲ್ಲರ ಮನೇಲೂ ಅಂತೆ, ಅದಕ್ಕೇ ಬರೆಯುತ್ತಿದ್ದೇನೆ. ನೀವು ಎದುರಿಗಿಲ್ಲದೆ ಗುಂಡಿ ಮುಚ್ಚಲು ಬಿಡಬೇಡಿ. ಅರ್ಥ್ ಮೆಗ್ಗರ್ (ಅರ್ಥಿಂಗಿನ ರೆಸಿಸ್ಟೆನ್ಸ್ ಅಳೆಯುವ ಮೀಟರ್) ಇಟ್ಟು ರೀಡಿಂಗ್ ತೋರಿಸು ಅನ್ನಿ. ದುಡ್ಡು ಕೊಡುವ ಮೊದಲು ಸಾಕೆಟ್ ಬಿಚ್ಚಿಸಿ ನೋಡಿ. ಟೆಸ್ಟ್ ಬಟನ್ ಒತ್ತಿ, ಆದರೆ ಅದು ಆರ್‌ಸಿಸಿಬಿಯನ್ನು ಮಾತ್ರ ನೋಡುತ್ತೆ, ಅರ್ಥಿಂಗ್ ಅನ್ನಲ್ಲ.

ಪೈಪಿನ ತುಂಡು ನಮ್ಮ ಜಗಲಿಯಲ್ಲಿದೆ. ನಾಳೆ ಬಂದು ತಗೊಂಡು ಹೋಗ್ತೀನಿ ಅಂದಿದ್ದಾನೆ. ದುಡ್ಡಿನ ಮಾತೇ ಇಲ್ಲ.