ಗಿರಿರಾಜ ಕೋಳಿ, ಮೂರು ವರ್ಷದ ಮೇಲೆ: ಸಾರಿನಲ್ಲಿ ತೇಲಿದ ನೆಣ

ಗಿರಿರಾಜ ಅಂದರೆ ಹಿತ್ತಲಲ್ಲಿ ಸಾಕಲೆಂದು ಮಾಡಿದ, ಬೇಗ ಬೆಳೆಯುವ ಸುಧಾರಿತ ಕೋಳಿ ತಳಿ. ಅದರ ತೂಕ, ಮೊಟ್ಟೆಯ ಲೆಕ್ಕ ನಿಮಗೆ ಗೊತ್ತೇ ಇರುತ್ತದೆ, ಅದು ಬಿಡಿ. ನಾನು ಹೇಳಬೇಕಿರುವುದು ನೆಣದ ವಿಷಯ.

ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮ ಮನೆ. ಮೂರು ವರ್ಷದ ಹಿಂದೆ 15 ಗಿರಿರಾಜ ಮರಿ ತಂದೆವು. ಗೂಡಲ್ಲಿ ಮೊದಲೇ ನಾಟಿ ಕೋಳಿಗಳಿದ್ದವು. ಎಲ್ಲಕ್ಕೂ ಒಂದೇ ಮೇವು. ಸಂಜೆ ನಾನು ನುಚ್ಚಿನ ಡಬ್ಬ ಅಲ್ಲಾಡಿಸಿದರೆ ಕಾಫಿ ಗಿಡಗಳ ಸಂದಿಯಿಂದ ಓಡಿ ಬರುತ್ತವೆ. ನಾಟಿಯವು ನಾಲ್ಕು ಕಾಳು ಹೆಕ್ಕಿ ಮತ್ತೆ ತರಗೆಲೆ ಕೆದಕಲು ಹೋಗುತ್ತವೆ. ಗಿರಿರಾಜ ಮಾತ್ರ ನನ್ನ ಕಾಲ ಬುಡ ಬಿಟ್ಟು ಕದಲುವುದಿಲ್ಲ. ಮಳೆಗಾಲದಲ್ಲಂತೂ ದಿನವಿಡೀ ಗೂಡಿನ ಬಾಗಿಲಲ್ಲೇ.

ಮೊದಲ ವರ್ಷ ಕೈಲ್ ಮುಹೂರ್ತ ಹಬ್ಬಕ್ಕೆ ಒಂದು ಹೇಂಟೆ ಕೊಯ್ದೆವು. ಹೊಟ್ಟೆಯೊಳಗೆ ಹಿಡಿ ತುಂಬ ನೆಣ! ಸಾರಿನ ಮೇಲೆ ಎಣ್ಣೆ ಕಟ್ಟಿ ನಿಂತಿತು. ಅತ್ತೆ ಎರಡು ತುತ್ತು ತಿಂದು ತಟ್ಟೆ ಸರಿಸಿದರು. ಮರಿ ಮಾರಿದವರ ಮೇಲೆ ಸಿಟ್ಟು ಬಂತು.

ಆಮೇಲೆ ಪಶುವೈದ್ಯರೊಬ್ಬರು ವಿವರಿಸಿದರು. ಹೊಟ್ಟೆಯ ನೆಣ ಹೆಚ್ಚಾಗಿ ರಕ್ತದಲ್ಲೇ ಬರುವ ಗುಣವಂತೆ. ಬೇಗ ಬೆಳೆಯಲಿ ಎಂದು ಆರಿಸಿದ ಕೋಳಿಗೆ ಹಸಿವೂ ಜಾಸ್ತಿ. ಮಿಕ್ಕಿದ್ದನ್ನು ಅದರ ಈಲಿ, ಅಂದರೆ ಲಿವರ್, ಕೊಬ್ಬು ಮಾಡುತ್ತದೆ. ಫ್ರಾನ್ಸಿನಲ್ಲಿ ಒಂದೇ ಗುಂಪಿನ ಕೋಳಿಗಳನ್ನು ಹೊಟ್ಟೆಯ ನೆಣ ನೋಡಿ ಆರಿಸುತ್ತಾ, ಕೆಲವೇ ತಲೆಮಾರಿನಲ್ಲಿ ಕೊಬ್ಬಿದ ತಳಿ, ಬಡಕಲು ತಳಿ ಬೇರೆ ಮಾಡಿದ್ದಾರೆ. ಎರಡರ ತೂಕವೂ ಹೆಚ್ಚುಕಡಿಮೆ ಒಂದೇ! ಹುಂಜಕ್ಕಿಂತ ಹೇಂಟೆಯಲ್ಲಿ ನೆಣ ಜಾಸ್ತಿ ಎಂಬುದೂ ಆಗಲೇ ತಿಳಿಯಿತು.

ಚರ್ಮ ಹಳದಿಯಾಗಿದ್ದರೆ ಕೊಬ್ಬಿದ ಕೋಳಿ ಅಂತ ನಾವು ಅಂದುಕೊಂಡಿದ್ದೆವು. ಅದು ಬೇರೆಯೇ ಜೀನ್. ಬೂದು ಕಾಡುಕೋಳಿಯಿಂದ ಊರ ಕೋಳಿಗೆ ಬಂದದ್ದು ಅಂತ 2008ರಲ್ಲಿ ಪತ್ತೆಯಾಯಿತು. ಬೆಳಗ್ಗೆ ನಮ್ಮ ತೋಟದಂಚಿನಲ್ಲಿ ಕೂಗುತ್ತದಲ್ವಾ, ಅದೇ ಕಾಡುಕೋಳಿ! ಕೇಳಿ ಎಷ್ಟು ಖುಷಿಯಾಯಿತು ಅಂದರೆ, ಮರುದಿನ ಅದು ಕೂಗುವ ತನಕ ಜಗಲಿಯಲ್ಲೇ ಕೂತಿದ್ದೆ.

ಅರ್ಧ ತಪ್ಪು ನನ್ನದೇ. ಬರೀ ನುಚ್ಚು, ಜೋಳ ಸುರಿಯುತ್ತಿದ್ದೆ. ಈಗ ನುಚ್ಚು ಕಡಿಮೆ ಮಾಡಿ ಕಡಲೆಕಾಯಿ ಹಿಂಡಿ ಸೇರಿಸುತ್ತೇನೆ. ಬೆಳಗ್ಗೆ ಏನೂ ಹಾಕದೆ ತೋಟಕ್ಕೆ ಬಿಡುತ್ತೇನೆ. ನೆಣ ಇಳಿದಿದೆ. ಆದರೆ ಅದೇ ಮೇವು ತಿಂದ ನಾಟಿಯಷ್ಟು ಇಳಿಯಲೇ ಇಲ್ಲ. ಅದು ಇಳಿಯುವುದೂ ಇಲ್ಲ ಅಂತ ನನಗೆ ಈಗ ಅನಿಸಿದೆ.

ಆದರೂ ಪೇಟೆಯಲ್ಲಿ ನಾಟಿ ಕೋಳಿಯ ರೇಟು ನಮ್ಮ ಕೈಗೆ ಎಟುಕುವುದಿಲ್ಲ. ಅದಕ್ಕೇ ಗಿರಿರಾಜ ಹೇಂಟೆ ಮೊಟ್ಟೆಗೆ, ನಾಲ್ಕು ತಿಂಗಳ ಹುಂಜ ಸಾರಿಗೆ. ತೆಗೆದ ನೆಣವನ್ನು ಕರಗಿಸಿ ಇಡುತ್ತೇನೆ. ಅಕ್ಕಿ ರೊಟ್ಟಿಗೆ ಒಂದು ಚಮಚ ಸವರಿದರೆ ಅತ್ತೆ ಇನ್ನೊಂದು ಕೇಳುತ್ತಾರೆ. ಮುಂದಿನ ತಿಂಗಳು ಮತ್ತೆ 10 ಮರಿ ತರುತ್ತಿದ್ದೇನೆ. ಆದಷ್ಟು ಹುಂಜವೇ ಕೊಡಿ ಅಂತ ಹೇಳಿಟ್ಟಿದ್ದೇನೆ.